ಮೆಲಕವ್ವನ ಮರೆವಿನ ವಹಿ

ವಳಸಂಗದ ದಾರಿಯ ಧರ್ಮಾರ್ಥ ದವಾಖಾನೆಯಲ್ಲಿ ಇಬ್ಬರು ನರ್ಸುಗಳಿದ್ದರು. ಒಬ್ಬಳು ಏನನ್ನೂ ಮರೆಯದವಳು, ಇನ್ನೊಬ್ಬಳು ಎಲ್ಲವನ್ನೂ ಮರೆಯುವವಳು. ಹಾಗೆಂದು ಸುತ್ತಲ ಊರವರು ಹೇಳುತ್ತಿದ್ದರು, ಡಾಕ್ಟರು ಹೇಳುತ್ತಿದ್ದರು, ಆ ಇಬ್ಬರೂ ಹೇಳುತ್ತಿದ್ದರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ ಅದು ಖರೆಯೋ ಸುಳ್ಳೋ ಎಂದು ಕೆದಕಿ ನೋಡುವ ಉಸಾಬರಿ ಯಾರಿಗೆ ಬೇಕು?

ಮರೆಯದವಳು ಇಂದ್ರಾಬಾಯಿ. ಜತ್ತದ ವ್ಯಾಪಾರಸ್ಥರ ಮನೆತನ, ನಲವತ್ತು ದಾಟಿದ ವಯಸ್ಸು. ಬೆಳಿಗ್ಗೆ ಹಚ್ಚಿದ ವಿಭೂತಿ ಸಂಜೆಯಾದರೂ ಹಣೆಯ ಮೇಲೆ ಹಾಗೇ ಇರುತ್ತಿತ್ತು. ಔಷಧದ ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲಿ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವವಳಲ್ಲ, ಒಮ್ಮೆ ಮಾಡಿದ್ದನ್ನು ತಿರುಗಿ ನೋಡುವವಳಲ್ಲ. "ಮಾಡೀನಿ ಅಂದ್ರ ಮಾಡೀನಿ," ಎನ್ನುತ್ತಿದ್ದಳು. ಹಾಗೆ ಅಂದಮೇಲೆ ಡಾಕ್ಟರು ಕೂಡ ಎರಡನೆಯ ಸಲ ಕೇಳುತ್ತಿರಲಿಲ್ಲ.

ಮರೆಯುವವಳು ಮಲಕವ್ವ. ಉಟಗಿಯ ಕುರಿಗಾರ ಅಮೋಗಸಿದ್ದನ ಮಗಳು. ಹದಿನಾರಕ್ಕೆ ಗಂಡ ತೀರಿಕೊಂಡ, ಅತ್ತೆಯ ಮನೆಯವರು ಕಾಲ್ಗುಣದ ಮಾತೆತ್ತಿ ಕಳಿಸಿಬಿಟ್ಟರು. ಏಳನೆಯ ಇಯತ್ತೆ ಪಾಸಾಗಿದ್ದ ಮಗಳನ್ನು ಅಪ್ಪ ಎರಡು ಟಗರು ಮಾರಿ ಮಿರಜಿಗೆ ಕಳಿಸಿ ನರ್ಸಿನ ಕೆಲಸ ಕಲಿಸಿದ. ಕಲಿತಳು, ಚಲೋ ಕಲಿತಳು. ಆದರೆ ಅವಳ ತಲೆಗೆ ಒಂದು ಚಟ ಅಂಟಿಕೊಂಡಿತ್ತು. ಕೈ ಇಲ್ಲಿ ಬ್ಯಾಂಡೇಜು ಸುತ್ತುತ್ತಿದ್ದರೆ ಮನಸ್ಸು ಹತ್ತು ವರ್ಷದ ಹಿಂದೆ ಅತ್ತೆ ಆಡಿದ ಮಾತಿಗೆ ಉತ್ತರ ಕೊಡುತ್ತಿತ್ತು. ಹಾಗೆ ಅನ್ನಬೇಕಿತ್ತು, ಹೀಗೆ ಅನ್ನಬೇಕಿತ್ತು, ಅಂದಿದ್ದರೆ ಅವರು ಏನನ್ನುತ್ತಿದ್ದರು. ತಪ್ಪು ನನ್ನದೇ ಇದ್ದೀತೇ? ಇದ್ದೀತು. ಅಷ್ಟರಲ್ಲಿ ಬ್ಯಾಂಡೇಜು ಮೊಣಕಾಲು ದಾಟಿ ತೊಡೆಯವರೆಗೆ ಏರಿರುತ್ತಿತ್ತು.

"ನಿನ್ನ ಹೆಸರು ಮಲಕವ್ವ ಅಲ್ಲವಾ, ಮೆಲಕವ್ವ," ಎಂದು ಇಂದ್ರಾಬಾಯಿ ನಗುತ್ತಿದ್ದಳು. "ನಿಮ್ಮಪ್ಪನ ಕುರಿ ಕೂತು ಮೆಲಕ ಹಾಕ್ತಾವ, ನೀ ನಿಂತು ಹಾಕ್ತೀ." ದವಾಖಾನೆಯಲ್ಲಿ ಆ ಹೆಸರೇ ಉಳಿಯಿತು. ಮಲಕವ್ವನೂ ನಕ್ಕಳು. ಇಂದ್ರಾಬಾಯಿ ಅಂದರೆ ಅವಳಿಗೆ ಅಷ್ಟು ಪ್ರೀತಿ. ತವರಿನಲ್ಲಿ ಅಕ್ಕ ಇರಲಿಲ್ಲ, ಇಲ್ಲಿ ಸಿಕ್ಕಿದ್ದಳು. ಊಟದ ಹೊತ್ತಿಗೆ ಇಬ್ಬರದೂ ಬುತ್ತಿ ಒಂದೇ ಕಡೆ ಬಿಚ್ಚುತ್ತಿತ್ತು. ಹಳೆಯ ಮನೆತನದ ಹೆಣ್ಣುಮಗಳು ಕುರಿಗಾರರ ಮಗಳ ಜೊತೆ ಕೂತು ಉಣ್ಣುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಜತ್ತ ಸಂಸ್ಥಾನ ಮುಂಬೈ ಸರಕಾರದಲ್ಲಿ ಸೇರಿ ಆಗಿನ್ನೂ ನಾಲ್ಕೈದು ವರ್ಷ.

ವಹಿಯ ಉಪಾಯ ಕೊಟ್ಟದ್ದೂ ಇಂದ್ರಾಬಾಯಿಯೇ. ಒಂದು ದಿನ ಮಲಕವ್ವ ಥರ್ಮಾಮೀಟರನ್ನು ತನ್ನ ತುರುಬಿನಲ್ಲೇ ಸಿಗಿಸಿಕೊಂಡು ಅರ್ಧ ತಾಸು ದವಾಖಾನೆಯೆಲ್ಲ ಹುಡುಕಿದ್ದಳು. ಅಂದು ಸಂಜೆ ಅಳುತ್ತ ಕೂತವಳ ಮುಂದೆ ಇಂದ್ರಾಬಾಯಿ ಪೇಟೆಯಿಂದ ತಂದ ಒಂದು ಹೊಸ ವಹಿ ಇಟ್ಟಳು.

"ದಿನಾ ಸಂಜಿಮುಂದ ಇದರಾಗ ಬರಿ. ಇವತ್ತ ಏನು ಮರತೆ, ಮರೆಯೋ ಹೊತ್ತಿನಾಗ ಮನಸು ಎಲ್ಲಿತ್ತು, ಎಲ್ಲಾ ಬರಿ. ಬರದು ತಲಿಯಿಂದ ಇಳಿಸಿಬಿಡು. ಒಂದು ವರ್ಷದಾಗ ನೋಡು, ಅರ್ಧ ಮರೆವು ಹೋಗ್ತದ."

"ಯಾರರೆ ಓದಿದ್ರ, ಅಕ್ಕಾರ?"

"ಯಾರು ಓದ್ತಾರ? ಕನ್ನಡದಾಗ ಬರಿ. ದವಾಖಾನಿ ನಡಸೋ ಪಂಚರು, ಡಾಕ್ಟರು ಎಲ್ಲಾ ಮರಾಠಿ ಸಾಲಿ ಕಲತವರು; ಕನ್ನಡ ಮಾತು ಬರ್ತದ, ಅಕ್ಷರ ಬರಂಗಿಲ್ಲ. ಓದಾಕಿ ನಾ ಒಬ್ಬಾಕಿ. ನನಗ ತೋರ್ಸಾಕ ನಾಚಿಕೆ ಏನು?"

ಮಲಕವ್ವ ಬರೆಯತೊಡಗಿದಳು. ದಿನಕ್ಕೆ ಒಂದು ಹಾಳೆ. ಶಾಯಿ ಹಿಂದಕ್ಕೆ ಇಳಿಯುತ್ತದೆಂದು ಒಂದೇ ಮಗ್ಗುಲು. ಮೇಲೆ ವಾರದ ಹೆಸರು, ಕೆಳಗೆ 'ಇವತ್ತು ಮರೆತದ್ದು'. ಹಾಳೆಗಳಿಗೆ ಅಂಕಿ ಹಾಕಲಿಲ್ಲ. ಅವಳ ಅಪ್ಪ ಕುರಿಗಳನ್ನು ಎಂದೂ ಎಣಿಸಿದವನಲ್ಲ. ಎಣಿಸಿದರೆ ಹಟ್ಟಿಗೆ ದೃಷ್ಟಿ ತಾಕುತ್ತದೆ, ಕುರಿ ಕಡಿಮೆಯಾಗುತ್ತವೆ ಎಂಬುದು ಅವರ ಮನೆತನದ ನಂಬಿಕೆ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದ; ಕೊನೆಗೆ, "ಗೆಜ್ಜಿ ಬರಲಿಲ್ಲ," ಎಂದು ಕೋಲು ಹಿಡಿದು ಹೊರಡುತ್ತಿದ್ದ. ಇದ್ದವುಗಳ ಲೆಕ್ಕ ಅವನಿಗೆ ಬೇಡ, ಇಲ್ಲದ್ದು ಯಾವುದು ಎಂಬುದಷ್ಟೇ ಬೇಕು. ಮಗಳೂ ಹಾಗೆಯೇ ಮಾಡಿದಳು. ಹಟ್ಟಿಗೆ ಮುಂದಾಗಿ ಬರುತ್ತಿದ್ದ ಕುರಿಗಳ ಹೆಸರನ್ನು ಬರುವ ಸಾಲಿನಂತೆ ಹಾಳೆಯ ಮೂಲೆಗೆ ಬರೆದಳು. ಕೆಂಚಿ, ಬೋಳಿ, ಗೆಜ್ಜಿ, ಬಾಸಿಂಗಿ, ಮುರಕಗಿವಿ, ಚುಕ್ಕಿ, ಕರಿಮಾರಿ. ಕರಿಮಾರಿ ಮುಗಿದರೆ ತಿರುಗಿ ಕೆಂಚಿ. ಇಂದ್ರಾಬಾಯಿ ಅದನ್ನು ನೋಡಿ, ಇದೇನು ಹುಚ್ಚು ಎಂದು ನಕ್ಕು ಸುಮ್ಮನಾದಳು.

ವಹಿಯಿಂದ ಮರೆವು ಅರ್ಧವಾಯಿತೋ ಕಾಲುಭಾಗವಾಯಿತೋ, ನನಗೆ ಗೊತ್ತಿಲ್ಲ. ಒಂದಂತೂ ಆಯಿತು. ಮಲಕವ್ವ ಏನು ಮಾಡುವ ಮೊದಲೂ ಅಕ್ಕನನ್ನು ಕೇಳುವ ರೂಢಿ ಮಾಡಿಕೊಂಡಳು. ಅಕ್ಕ ಹೌದು ಅಂದರೆ ಹೌದು.

ಹೀಗಿರುವಾಗ ಒಂದು ಸೋಮವಾರ ಬೆಳುಂಕಿಯ ವಿಠೋಬ ಬಂದ. ಅವನೂ ಕುರಿಗಾರ. ಹಟ್ಟಿಯ ಬೇಲಿಗೆ ಜಾಲಿಮುಳ್ಳು ಕಡಿಯುವಾಗ ಕೊಡಲಿ ಜಾರಿ ಪಾದ ಸೀಳಿತ್ತು. ಮನೆಯಲ್ಲಿ ಸಗಣಿ ಮೆತ್ತಿ ಬಟ್ಟೆ ಕಟ್ಟಿದ್ದರು. ಅವನ ಹೆಂಡತಿ ಹಾಲವ್ವ ಗಂಡನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ತಂದಳು. ಡಾಕ್ಟರ್ ಅಣ್ಣಾರಾಯರು ಗಾಯ ತೊಳೆದು, ಧನುರ್ವಾಯು ಆಗದಂತೆ ಸೂಜಿ ಹಾಕಬೇಕೆಂದರು. ಆ ಔಷಧ ಕೆಲವರ ಮೈಗೆ ಒಗ್ಗುವುದಿಲ್ಲ. ಅದಕ್ಕೆ ಮೊದಲು ಪರೀಕ್ಷೆಗೆಂದು ಸಣ್ಣ ಸೂಜಿ ಹಾಕಿಸಿದರು. ಇಂದ್ರಾಬಾಯಿಯೇ ಹಾಕಿದಳು. ವಿಠೋಬನ ಮೈಮೇಲೆ ಅಲ್ಲಲ್ಲಿ ದದ್ದು ಎದ್ದವು.

"ಇವತ್ತ ಬ್ಯಾಡ, ದದ್ದು ಇಳೀಲಿ. ದೊಡ್ಡ ಸೂಜಿ ಬುಧವಾರ ಹಾಕ್ರಿ," ಎಂದು ಡಾಕ್ಟರು ಇಂದ್ರಾಬಾಯಿಗೆ ಹೇಳಿದರು. ಅವರ ತಾಯಿಗೆ ಸೋಲಾಪುರದಲ್ಲಿ ಹುಷಾರಿರಲಿಲ್ಲ. ಮಧ್ಯಾಹ್ನದ ಮೋಟಾರು ಹಿಡಿದು ಹೋದವರು ಎಂಟು ದಿನ ಬರಲಿಲ್ಲ.

ಆ ದವಾಖಾನೆಯಲ್ಲಿ ಪ್ರತಿ ಕಾಟಿನ ತಲೆಗೆ ಒಂದು ಪಾಟಿ ತೂಗುತ್ತಿತ್ತು. ರೋಗಿಗೆ ಏನು ಕೊಡಬೇಕೆಂಬುದನ್ನು ಅದರ ಮೇಲೆ ಬಳಪದಿಂದ ಮರಾಠಿಯಲ್ಲಿ ಬರೆಯುವುದು, ಕೆಲಸ ಮುಗಿದರೆ ಒರೆಸುವುದು. ಸೋಮವಾರ ಇಂದ್ರಾಬಾಯಿ ವಿಠೋಬನ ಪಾಟಿಯ ಮೇಲೆ ಬರೆದಳು: 'ಮೋಠೀ ಸುಯಿ, ಪರವಾ.' ಮೋಠೀ ಸುಯಿ ಎಂದರೆ ದೊಡ್ಡ ಸೂಜಿ. ಇನ್ನು ಪರವಾ ಎಂಬ ಶಬ್ದ. ಮರಾಠಿಯಲ್ಲಿ ನಾಡಿದ್ದಕ್ಕೂ ಪರವಾ, ಮೊನ್ನೆಗೂ ಪರವಾ. ಮುಂದೆ ಬರುವ ಮಾತು ನೋಡಿ ಯಾವುದೆಂದು ತಿಳಿಯಬೇಕು. ಪಾಟಿಯ ಮೇಲೆ ಮುಂದೆ ಮಾತೇ ಇರಲಿಲ್ಲ, ತಾರೀಖೂ ಇರಲಿಲ್ಲ. ಬರೆಯುವಾಗ ಅವಳ ಮನಸ್ಸಿನಲ್ಲಿ ನಾಡಿದ್ದೇ ಇತ್ತು, ಅದರಲ್ಲಿ ಅನುಮಾನವಿಲ್ಲ.

ವಿಠೋಬ ಮಾತಿನ ಮನುಷ್ಯ. ಮಂಗಳವಾರ ಗಾಯ ತೊಳೆಯುವಾಗ ನೋವು ಮರೆಯಲಿ ಎಂದು ಮಲಕವ್ವ ಅವನಿಗೆ ತನ್ನ ವಹಿಯ ಹಾಳೆಗಳ ಹೆಸರು ಹೇಳಿದಳು. ಅವನಿಗೆ ನಗು ತಡೆಯಲಾಗಲಿಲ್ಲ.

"ಕೆಂಚಿ, ಬೋಳಿ, ಗೆಜ್ಜಿ, ಬಾಸಿಂಗಿ... ಬಾಸಿಂಗಿ ಅಂದ್ರ ಹಣಿ ಮ್ಯಾಲೆ ಬಿಳಿ ಪಟ್ಟಿ ಇದ್ದದ್ದೇನು? ನಮ್ಮಲ್ಲಿನೂ ಒಂದೈತಿ. ಕೇಳಿದೇನ ಹಾಲವ್ವಾ, ನರ್ಸಬಾಯಿ ಕಾಗದದ ಹಟ್ಟಿ ಕಟ್ಯಾಳ!"

ಹಾಲವ್ವ ಕಾಟಿನ ಕೆಳಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ಅವಳೂ ಏಳು ಹೆಸರು ಬಾಯಿಪಾಠ ಮಾಡಿ ಒಪ್ಪಿಸಿದಳು. ಮೂವರೂ ನಕ್ಕರು. ಅವತ್ತಿನಿಂದ ಮಲಕವ್ವನಿಗೆ ಅವನು ವಿಠೋಬಣ್ಣ, ಅವಳು ವೈನಿ, ಎಂದರೆ ಅತ್ತಿಗೆ.

ಬುಧವಾರ ಬೆಳಿಗ್ಗೆ ಮಲಕವ್ವ ಪಾಟಿ ನೋಡಿದಳು. ಸೋಮವಾರ ಬರೆದ ಪರವಾ, ಅಂದರೆ ಇವತ್ತು. ಒಲೆಯ ಮೇಲೆ ನೀರಿಟ್ಟು ಸಿರಿಂಜು, ಸೂಜಿ ಕುದಿಸಿದಳು. ಔಷಧ ಕಪಾಟಿನಲ್ಲಿತ್ತು, ಬೀಗದ ಕೈ ಕೇಳಲು ಹೋದಳು. ಇಂದ್ರಾಬಾಯಿ ಆ ಹೊತ್ತಿಗೆ ರೇಷ್ಮೆ ಸೀರೆ ಉಟ್ಟು ಹೊರಟು ನಿಂತಿದ್ದಳು. ಜತ್ತದಲ್ಲಿ ಅವಳ ಅಣ್ಣನ ಮಗಳ ಮದುವೆ, ಅಕ್ಕಿಕಾಳಿನ ಮುಹೂರ್ತ ಹತ್ತಿರ ಬಂದಿತ್ತು, ಹೊರಗೆ ಟಾಂಗಾದವನು ಕೂಗುತ್ತಿದ್ದ.

"ಅಕ್ಕಾರ, ವಿಠೋಬಣ್ಣಗ ದೊಡ್ಡ ಸೂಜಿ ಇವತ್ತಲ್ಲರಿ?"

ಇಂದ್ರಾಬಾಯಿ ಬಾಗಿಲಿಂದಲೇ ಪಾಟಿಯ ಕಡೆ ಕಣ್ಣು ಹಾಯಿಸಿದಳು. ಸೋಮವಾರ ಆ ಕಾಟಿನ ಬದಿಗೆ ನಿಂತು ಸೂಜಿ ಹಾಕಿದ್ದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಸಣ್ಣದೋ ದೊಡ್ಡದೋ ಎಂದು ಒಂದು ಗಳಿಗೆ ನಿಂತು ಕೇಳಿಕೊಳ್ಳಬಹುದಿತ್ತು. ತಾನು ತನ್ನನ್ನೇ ಕೇಳಿಕೊಳ್ಳುವ ರೂಢಿ ಅವಳಿಗೆ ಇದ್ದರಲ್ಲವೇ?

"ಮೊನ್ನಿನ ಆತಲ್ಲ, ನಾನೇ ಹಾಕೀನಿ. ಪರವಾ ಅಂತ ಬರದೀನಿ, ಕಾಣಂಗಿಲ್ಲೇನು? ಮತ್ತ ಮರತಿ ಮೆಲಕವ್ವಾ! ಎರಡ ಸಲ ಹಾಕಿ ಮನಿಷಾನ ಕೊಲ್ತಿದ್ದಿ ನೋಡು."

ಮಲಕವ್ವ ಗಡಬಡಿಸಿ ಒಲೆಯ ಕಡೆ ಹೋದಳು. ಕುದಿಸಿದ ಸೂಜಿ ತಿರುಗಿ ಡಬ್ಬಿಯಲ್ಲಿಟ್ಟಳು, ಪಾಟಿ ಒರೆಸಿದಳು. ಸಂಜೆ ವಹಿಯಲ್ಲಿ ಬರೆದಳು. ಬರೆದು, ಅಕ್ಕ ಕಲಿಸಿದಂತೆ, ತಲೆಯಿಂದ ಇಳಿಸಿಬಿಟ್ಟಳು.

ಮುಂದಿನ ಮಂಗಳವಾರ ಡಾಕ್ಟರು ಸೋಲಾಪುರದಿಂದ ಬಂದ ದಿನವೇ ವಿಠೋಬನಿಗೆ ಬಾಯಿ ತೆರೆಯಲು ಬರಲಿಲ್ಲ. ಹಾಲವ್ವ ಗಂಜಿ ಹಿಡಿದುಕೊಂಡು, "ನಗಬ್ಯಾಡ, ಬಾಯಿ ತಗಿ," ಎನ್ನುತ್ತಿದ್ದಳು. ಅವನು ನಗುತ್ತಿರಲಿಲ್ಲ, ದವಡೆ ಬಿಗಿದು ಮುಖ ಹಾಗೆ ಕಾಣುತ್ತಿತ್ತು. ಡಾಕ್ಟರು ಒಂದು ಸಲ ನೋಡಿ ನೇರ ಕಪಾಟಿಗೆ ಹೋದರು. ವಿಠೋಬನ ಹೆಸರಿಗೆ ತರಿಸಿದ್ದ ದೊಡ್ಡ ಸೂಜಿಯ ಔಷಧ ಸೀಲು ಒಡೆಯದೆ ಹಾಗೇ ಕೂತಿತ್ತು. ಈಗ ಹಾಕಿದರು. ಹೊತ್ತು ಮೀರಿತ್ತು. ಶುಕ್ರವಾರ ಬೆಳಿಗ್ಗೆ ಬಿಲ್ಲಿನಂತೆ ಬಾಗಿದ ಮೈ ಸಡಿಲಾಯಿತು, ಜೀವ ಇರಲಿಲ್ಲ.

ಆ ಸೀಲು ಒಡೆಯದ ಶೀಶೆ ಸಿಕ್ಕ ಸಂಜೆಯೇ ಇಂದ್ರಾಬಾಯಿ ಮಲಕವ್ವನನ್ನು ಹಿತ್ತಲಿಗೆ ಕರೆದಳು.

"ಮಲಕವ್ವಾ, ಸೋಮಾರ ನಿನಗ ಹೇಳಿದ್ನೆಲ್ಲ, ನಾಡದ ದೊಡ್ಡ ಸೂಜಿ ಹಾಕು, ನಾ ಮದುವಿಗೆ ಹೋಗಾಕಿ ಅಂತ. ಪಾಟಿ ಮ್ಯಾಲೂ ಬರದಿದ್ದೆ."

"ನೀವು... ಆಗೇತಿ ಅಂದಂಗ ಇತ್ತಲ್ಲರಿ ಅಕ್ಕಾರ."

"ನಾ ಅಂದೆ? ಯಾವಾಗ? ಯಾವ ರೋಗಿದು? ಚಂದಂಗ ನೆನಪ ಮಾಡಿ ಹೇಳು."

ಮಲಕವ್ವ ನೆನಪು ಮಾಡಹೋದಳು. ಬಾಗಿಲು, ರೇಷ್ಮೆ ಸೀರೆ, ಟಾಂಗಾದವನ ಕೂಗು. ಅಕ್ಕ ಏನೋ ಅಂದಿದ್ದಳು. ಅದು ವಿಠೋಬನ ಮಾತೇ ಆಗಿತ್ತೇ, ಬದಿಯ ಕಾಟಿನ ಬಾಣಂತಿ ದುಂಡವ್ವನ ಮಾತೇ? ನೆನಪನ್ನು ಹಿಂಡಿದಷ್ಟೂ ಅದು ಕಲಸಿಹೋಯಿತು. ಇನ್ನೊಬ್ಬರು ಗಟ್ಟಿಯಾಗಿ ಹೇಳಿದ ಕೂಡಲೇ ತನ್ನ ನೆನಪೇ ಸುಳ್ಳೆಂದು ಅವಳು ಎಷ್ಟು ವರ್ಷದಿಂದ ರೂಢಿಸಿಕೊಂಡು ಬಂದಿದ್ದಳೋ.

"ನಿನ್ನ ವಹಿ ಕೊಡು. ಬುಧವಾರ ಏನು ಬರದಿ ನೋಡೋಣು," ಎಂದಳು ಇಂದ್ರಾಬಾಯಿ.

ಮರುದಿನ, "ನೋಡಿದೆ. ಬುಧವಾರದ್ದು ನೀ ಬರದೇ ಇಲ್ಲ. ಸೂಜಿನೂ ಮರತಿ, ಮರತದ್ದು ಬರಿಯೋದೂ ಮರತಿ," ಎಂದು ಅವಳ ತಲೆ ಸವರಿದಳು. "ಅಳಬ್ಯಾಡ. ವಹಿ ನನ್ನ ಕಡಿನ ಇರಲಿ, ಯಾರ ಕೈಗೂ ಸಿಗಬಾರದು." ಆ ಮಾತಿಗೆ ಮಲಕವ್ವ ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಶುಕ್ರವಾರ ಹೆಣ ಚಕ್ಕಡಿಗೆ ಏರಿಸುವ ಹೊತ್ತಿಗೆ ಇಂದ್ರಾಬಾಯಿ ಬದಿಗೆ ಬಂದು ಮೆಲ್ಲಗೆ, "ಹೋಗಿ ಆಕಿ ಕಾಲಿಗೆ ಬೀಳು. ಮನಸು ಹಗುರ ಆಗ್ತದ," ಎಂದಳು. ಮಲಕವ್ವ ಹೋಗಿ ಹಾಲವ್ವನ ಎರಡೂ ಕಾಲು ಹಿಡಿದಳು.

"ನನ್ನ ಕೈಲೆ ಆತ ವೈನಿ. ಸೂಜಿ ಹಾಕೋದು ನಾ ಮರತೆ."

ಹಾಲವ್ವನಿಗೆ ಮೊದಲು ತಿಳಿಯಲಿಲ್ಲ. ತಿಳಿದಮೇಲೆ ಕಾಲು ಕಿತ್ತುಕೊಂಡಳು. ಬಗ್ಗಿ ಎರಡು ಬೊಗಸೆ ಮಣ್ಣು ಎತ್ತಿ ಮಲಕವ್ವನ ಮುಖಕ್ಕೆ ತೂರಿದಳು. "ಕುರಿ ಹೆಸರು ನೆನಪಿರ್ತಾವು, ನನ್ನ ಗಂಡನ ಜೀಂವ ನೆನಪಿರಲಿಲ್ಲೇನ?" ಎಂದು ಕೂಗಿದಳು. ಎಲ್ಲರೂ ನೋಡಿದರು. ಇಂದ್ರಾಬಾಯಿ ಬಂದು ಮಲಕವ್ವನನ್ನು ಹಿಡಿದೆಬ್ಬಿಸಿ ಒಳಗೆ ಕರೆದುಕೊಂಡು ಹೋದಳು. ಮುಖ ತೊಳೆಯಲು ನೀರನ್ನೂ ಅವಳೇ ಕೊಟ್ಟಳು.

ಸೋಮವಾರ ಪಂಚರು ಕೂತರು. ದವಾಖಾನೆ ನಡೆಸುತ್ತಿದ್ದ ಗುರುಲಿಂಗಪ್ಪ ಸಾವುಕಾರರು ನಡುವೆ, ಆಚೆ ಈಚೆ ಇಬ್ಬರು, ಬದಿಗೆ ಡಾಕ್ಟರು. ಮಲಕವ್ವ ಮನಸ್ಸಿನಲ್ಲಿ ಅಂದುಕೊಂಡು ಬಂದಿದ್ದಳು: ತಪ್ಪು ಒಪ್ಪಿಕೊಳ್ಳುತ್ತೇನೆ, ಅಕ್ಕ ನನ್ನ ಪರವಾಗಿ ಒಂದು ಮಾತು ಆಡುತ್ತಾಳೆ, ಇನ್ನೊಂದು ಅವಕಾಶ ಕೇಳಿಕೊಳ್ಳುತ್ತೇನೆ.

ಇಂದ್ರಾಬಾಯಿ ಸೆರಗಿನ ಮರೆಯಿಂದ ವಹಿ ತೆಗೆದು ಮೇಜಿನ ಮೇಲೆ ಇಟ್ಟಳು.

"ಸಾವುಕಾರ್ರ, ನಾ ಬಾಯಿಲೆ ಏನೂ ಹೇಳಂಗಿಲ್ಲ. ಇದು ಆಕಿದೇ ಅಕ್ಷರ. ಓದಿ ತೋರ್ಸತೀನಿ."

ಓದಿದಳು. ಥರ್ಮಾಮೀಟರು ತುರುಬಿನಲ್ಲಿ ಇಟ್ಟುಕೊಂಡು ಹುಡುಕಿದ್ದು ಓದಿದಳು. ಹಾಲಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ಹಾಲು ಎಲ್ಲಿ ಎಂದು ಕೇಳಿದ್ದು. ಕಿವಿಯ ಔಷಧಿಯನ್ನು ಕಣ್ಣಿಗೆ ಹಾಕಲು ಹೋಗಿ ಕೊನೆಯ ಗಳಿಗೆಯಲ್ಲಿ ತಡೆದುಕೊಂಡದ್ದು. 'ಆಗ ಮನಸ್ಸು ಎಲ್ಲಿತ್ತು: ಅತ್ತೆ ನನ್ನನ್ನು ಹೊರಗೆ ಹಾಕಿದ ದಿನದಲ್ಲಿತ್ತು' ಎಂಬುದನ್ನೂ ಬಿಡಲಿಲ್ಲ. ಥರ್ಮಾಮೀಟರಿಗೆ ಸಾವುಕಾರರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸತ್ತವನ ನೆನಪಾಗಿ ಮುಖ ಗಂಟು ಹಾಕಿಕೊಂಡರು. ಮಲಕವ್ವ ನೆಲ ನೋಡುತ್ತ ನಿಂತಿದ್ದಳು. ನಾಲ್ಕು ಗಂಡಸರ ಮುಂದೆ ಸೀರೆ ಸೆಳೆದಂತೆ ಆಯಿತು ಅವಳಿಗೆ. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ತೀರ್ಮಾನವಾಯಿತು.

"ಅಕ್ಕಾರ, ಯಾರಿಗೂ ತೋರ್ಸಂಗಿಲ್ಲ ಅಂದಿದ್ರೆಲ್ಲ," ಎಂದಳು ಹೊರಗೆ ಬಂದಮೇಲೆ.

"ಒಬ್ಬಾಂವ ಸತ್ತಾನ ಮಲಕವ್ವಾ. ಸುಳ್ಳು ಹ್ಯಾಂಗ ಹೇಳ್ಲಿ?" ಎಂದು ಇಂದ್ರಾಬಾಯಿ ವಹಿಯನ್ನು ಅವಳ ಕೈಯಲ್ಲಿಟ್ಟು ಒಳಗೆ ಹೋದಳು.

ವಹಿಯನ್ನು ಮಲಕವ್ವ ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟ್ರಂಕಿನಲ್ಲಿ ಸೀರೆ ಜೋಡಿಸುತ್ತಿದ್ದಾಗ ಅದು ಜಾರಿ ಬಿದ್ದು ತೆರೆದುಕೊಂಡಿತು. ಓದಬೇಕೆಂದು ಅಲ್ಲ, ಕೈಗೆ ಏನಾದರೂ ಕೆಲಸ ಬೇಕೆಂದು ಹಾಳೆ ತಿರುವಿದಳು. ಓದುವ ಮನಸ್ಸಿಲ್ಲದೆ ಮೂಲೆಯ ಹೆಸರನ್ನಷ್ಟೇ ನೋಡುತ್ತ ಹೋದಳು, ಅಪ್ಪ ಹಟ್ಟಿಯ ಬಾಗಿಲಲ್ಲಿ ನಿಂತು ನೋಡಿದ ಹಾಗೆ. ಎಷ್ಟೋ ಸುತ್ತು ಏಳೂ ಬಂದವು. ಕೊನೆಕೊನೆಯ ಒಂದು ಸುತ್ತಿನಲ್ಲಿ ಕೆಂಚಿ ಬಂತು. ಬೋಳಿ ಬಂತು. ಗೆಜ್ಜಿ ಬಂತು. ಮುರಕಗಿವಿ ಬಂತು.

ಬಾಸಿಂಗಿ ಬರಲಿಲ್ಲ.

ಹಿಂದೆ ಮುಂದೆ ತಿರುವಿ ನೋಡಿದಳು. ಗೆಜ್ಜಿಯ ಹಾಳೆಯಲ್ಲಿ ಮಂಗಳವಾರ, ಮುರಕಗಿವಿಯ ಹಾಳೆಯಲ್ಲಿ ಗುರುವಾರ. ಬುಧವಾರ ತಾನು ಬರೆಯದೇ ಬಿಟ್ಟಿದ್ದರೆ ಗುರುವಾರದ ಹಾಳೆಗೆ ಬಾಸಿಂಗಿ ಎಂದು ಹೆಸರಿಡುತ್ತಿದ್ದಳು. ಗುರುವಾರ ಮುರಕಗಿವಿ ಆಗಿರಬೇಕಾದರೆ ಬುಧವಾರ ಬಾಸಿಂಗಿ ಇರಲೇಬೇಕು. ಹೊಲಿಗೆಯ ಸಂದಿಯಲ್ಲಿ ಬೆರಳಾಡಿಸಿದಳು. ಬ್ಲೇಡಿನಿಂದ ಕೊಯ್ದ ಒಂದು ಅಂಚು, ಗೋಧಿಯ ಕಾಳಿನಷ್ಟು ಅಗಲ, ಬೆರಳಿಗೆ ತಾಗಿತು.

ಆಗ ಆ ಹಾಳೆ ಅವಳಿಗೆ ಪೂರಾ ಕಂಡಿತು, ಅಕ್ಷರಕ್ಕೆ ಅಕ್ಷರ. 'ಬುಧವಾರ. ಇವತ್ತು ಮರೆತದ್ದು: ವಿಠೋಬಣ್ಣನಿಗೆ ದೊಡ್ಡ ಸೂಜಿ ಮೊನ್ನೆಯೇ ಆಗಿದೆಯಂತೆ. ಇಂದ್ರಾಬಾಯಿ ಅಕ್ಕನೇ ಹಾಕಿದ್ದಾಳಂತೆ. ನಾನು ಅದನ್ನು ಮರೆತು ಮತ್ತೆ ಹಾಕಲು ಸೂಜಿ ಕುದಿಸಿದ್ದೆ. ಅಕ್ಕ ತಡೆದಳು, ದೇವರು ದೊಡ್ಡವನು.' ಕನ್ನಡದಲ್ಲಿ ಮೊನ್ನೆ ಎಂದರೆ ಮೊನ್ನೆಯೇ, ಅದಕ್ಕೆ ಎರಡನೆಯ ಅರ್ಥವಿಲ್ಲ. ಅದಕ್ಕೇ ಆ ಹಾಳೆ ಹೋಗಿತ್ತು.

ಅವಳಿಗೆ ಸಿಟ್ಟು ಬರಲಿಲ್ಲ ಮೊದಲು. ನಾನು ಮರೆತಿರಲಿಲ್ಲ ಎಂಬ ಒಂದೇ ಮಾತು ತಲೆಯಲ್ಲಿ ತಿರುಗಿತು. ನಾನು ಮರೆತಿರಲಿಲ್ಲ, ಸೂಜಿ ಕುದಿಸಿದ್ದೆ, ಕೇಳಿದ್ದೆ. ಸಿಟ್ಟು ಆಮೇಲೆ ಬಂತು, ಅಕ್ಕ ತಲೆ ಸವರಿದ್ದು ನೆನಪಾದಾಗ.

ಇಂದ್ರಾಬಾಯಿ ಒಲೆಯ ಮುಂದೆ ಸಿರಿಂಜು ಕುದಿಸುತ್ತಿದ್ದಳು. ಮಲಕವ್ವ ಹೋಗಿ ವಹಿ ತೆರೆದು ಹಿಡಿದಳು.

"ಅಕ್ಕಾರ, ನನ್ನ ಬಾಸಿಂಗಿ ಎಲ್ಲಿ?"

ಇಂದ್ರಾಬಾಯಿ ನೋಡಿದಳು. ಮೊದಲು ತಿಳಿಯಲಿಲ್ಲ. ಮಲಕವ್ವ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಂಕಿ ಇಲ್ಲದ ವಹಿಯಲ್ಲಿ ಒಂದು ಹಾಳೆ ಹೋದರೆ ಯಾರಿಗೆ ಗೊತ್ತಾದೀತು ಎಂದುಕೊಂಡಿದ್ದವಳ ಮುಖ ಬಿಳಿಚಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಒಲೆಯ ಕಡೆ ಕೈ ತೋರಿಸಿದಳು.

"ಸುಟ್ಟೆ. ಶೀಶೆ ಸಿಕ್ಕಿತಲ್ಲ, ಅವತ್ತ ಸಂಜಿಮುಂದ."

"ಯಾಕ್ರಿ?"

"ಯಾಕ ಅಂದ್ರ?" ಇಂದ್ರಾಬಾಯಿಯ ದನಿ ಏರಿತು. "ಇಪ್ಪತ್ತ ವರ್ಷ ಆತು ನಾ ಈ ಕೆಲಸ ಮಾಡಾಕತ್ತು. ಇಂದ್ರಾಬಾಯಿ ಮರತಳು ಅಂತ ಒಂದ ಸಲ ಆದ್ರ ಮುಗೀತು, ನನ್ನ ಹತ್ರ ಮತ್ತೇನು ಉಳೀತದ? ನೀ ದಿನಾ ಮರೆಯಾಕಿ. ನಿನ್ನ ಮರೆವಿನಾಗ ಇನ್ನೊಂದು ಕೂಡಿದ್ರ ಏನು ಹೆಚ್ಚಾಗ್ತದ? ಯಾರೂ ಬ್ಯಾರೆ ತಿಳಿಯಂಗಿಲ್ಲ ಅನ್ಕೊಂಡೆ."

"ವೈನಿ ತಿಳಕೊಂಡ್ಳಲ್ಲರಿ. ಆಕಿ ಕಾಲಿಗೆ ಬೀಳಾಕ ನನ್ನ ಕಳಿಸಿದ್ರೆಲ್ಲ."

ನೀರು ಉಕ್ಕಿ ಒಲೆಗೆ ಸುರಿಯಿತು, ಇಬ್ಬರೂ ತೆಗೆಯಲಿಲ್ಲ.

"ಪಂಚರ ಮುಂದ ಬ್ಯಾಡ," ಎಂದಳು ಮಲಕವ್ವ. "ನೌಕರೀನೂ ಬ್ಯಾಡ. ಬೆಳುಂಕಿಗೆ ನನ್ನ ಕೂಡ ಬರ್ರಿ. ಆಕಿ ಒಬ್ಬಾಕಿ ಮುಂದ ಹೇಳ್ರಿ. ಅಷ್ಟ ಸಾಕು ನನಗ."

ಇಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರ್ತೀನಿ. ಖರೇನ ಬರ್ತೀನಿ. ಪರವಾ ಹೋಗೋಣಂತ."

ಮಲಕವ್ವ ಅವಳ ಮುಖವನ್ನೇ ನೋಡಿದಳು. "ಯಾವ ಪರವಾರಿ ಅಕ್ಕಾರ? ಬರೂದೋ, ಹೋದದ್ದೋ?" ಎಂದು ಕೇಳಿದಳು. ಇಂದ್ರಾಬಾಯಿ ತಲೆ ತಗ್ಗಿಸಿ ಸಿರಿಂಜು ಎತ್ತತೊಡಗಿದಳು.

ಆ ಪರವಾ ಬಂತು. ಮಲಕವ್ವ ರಸ್ತೆಯ ಬೇವಿನ ಮರದ ಕೆಳಗೆ ಟ್ರಂಕು ಇಟ್ಟುಕೊಂಡು ಕಾದಳು. ಬೆಳಗಿನ ಮೋಟಾರು ಹೋಯಿತು. ಮಧ್ಯಾಹ್ನದ ಮೋಟಾರು ಬಂದಾಗ ಒಬ್ಬಳೇ ಹತ್ತಿದಳು. ಹಿಂದಿರುಗಿ ನೋಡಿದರೆ ದವಾಖಾನೆಯ ಕಿಟಕಿಯಲ್ಲಿ ಬಿಳಿ ಸೆರಗು ಒಮ್ಮೆ ಕಂಡು ಸರಿಯಿತು.

ಬೆಳುಂಕಿಯ ಹೊರಗೆ ಹಾಲವ್ವನ ಹಟ್ಟಿ ಮುಟ್ಟುವಾಗ ಹೊತ್ತು ಇಳಿದಿತ್ತು. ಹಾಲವ್ವ ಹಟ್ಟಿಯ ಬಾಯಿಗೆ ನಿಂತು ಕುರಿಗಳನ್ನು ಒಳಗೆ ಬಿಡುತ್ತಿದ್ದಳು. ಗಂಡ ಇದ್ದಾಗ ಅದು ಅವನ ಕೆಲಸ. ಮಲಕವ್ವನನ್ನು ನೋಡಿಯೂ ನೋಡದಂತೆ ಕೊನೆಯ ಕುರಿಯನ್ನೂ ಒಳಗೆ ಬಿಟ್ಟು ಆಮೇಲೆ ತಿರುಗಿದಳು.

"ಮತ್ಯಾಕ ಬಂದಿ?"

"ಸೂಜಿ ಮರತಾಕಿ ನಾ ಅಲ್ಲ ವೈನಿ."

"ಅವತ್ತ ನೀನೇ ಹೇಳಿದಿ. ಇವತ್ತ ಇನ್ನೊಂದು ಹೇಳ್ತಿ. ಯಾವುದ ನಂಬಲಿ?"

ಮಲಕವ್ವ ವಿವರಿಸಲು ಹೋಗಲಿಲ್ಲ. ವಹಿಯನ್ನು ಆ ವಾರದ ಸುತ್ತಿಗೆ ತೆರೆದು ಒಂದೊಂದೇ ಹಾಳೆ ತಿರುವುತ್ತ ಮೂಲೆಯ ಹೆಸರು ಓದಿದಳು. "ಕೆಂಚಿ. ಬೋಳಿ. ಗೆಜ್ಜಿ. ಮುರಕಗಿವಿ. ಚುಕ್ಕಿ..."

"ತಡಿ," ಎಂದಳು ಹಾಲವ್ವ. "ಬಾಸಿಂಗಿ ಬಿಟ್ಟಿ."

"ಬಿಟ್ಟಿಲ್ಲ ವೈನಿ. ಇದರಾಗ ಇಲ್ಲ."

"ಇಲ್ಲಂದ್ರ? ಗೆಜ್ಜಿ ಬೆನ್ನಿಗೆ ಬಾಸಿಂಗಿ. ಕಾಟಿನ ಬುಡಕ ಕುಂತು ಕಲತೀನಿ, ಅಂವ ಕಲಿಸ್ಯಾನ." ಹಾಲವ್ವ ಅಕ್ಷರ ಬಾರದವಳು. ವಹಿಯನ್ನು ಕಿತ್ತುಕೊಂಡು ಹಾಳೆಯ ಸಂದಿಯಲ್ಲಿ ಬೆರಳು ಹಾಕಿದಳು. ಕೊಯ್ದ ಅಂಚು ಸಿಕ್ಕಿತು. "ಯಾರ ಕದ್ರು?"

ಮಲಕವ್ವ ಹೇಳಿದಳು. ಪಾಟಿ, ಪರವಾ, ಮದುವೆಯ ಟಾಂಗಾ, ಕುದಿಸಿ ತಿರುಗಿ ಇಟ್ಟ ಸೂಜಿ, ಒಲೆಗೆ ಹೋದ ಹಾಳೆ, ಎಲ್ಲವನ್ನೂ ಹೇಳಿದಳು. ಕುರಿಗಳು ಒಳಗೆ ಕೂತು ಮೆಲುಕು ಹಾಕುತ್ತಿದ್ದವು.

"ನಂಬಿದೆ," ಎಂದಳು ಕೊನೆಗೆ. "ಹಂಗಾರ ಅವತ್ತ ನನ್ನ ಕಾಲಿಗೆ ಯಾಕ ಬಿದ್ದಿ?"

"ಅಕ್ಕಾರು ಹೇಳಿದ್ರು. ನಾನೇ ಮರತಿರಬೇಕು ಅನ್ಕೊಂಡೆ."

"ಸೂಜಿ ಕುದಿಸಿದ್ದು ನಿನ್ನ ಕೈ. ಕೇಳಿದ್ದು ನಿನ್ನ ಬಾಯಿ. ಆ ಕೈನೂ ನಂಬಲಿಲ್ಲ, ಬಾಯಿನೂ ನಂಬಲಿಲ್ಲ?"

ಮಲಕವ್ವ ತನ್ನ ಎರಡೂ ಕೈ ತಿರುವಿ ನೋಡಿಕೊಂಡಳು.

"ನನ್ನ ಗಂಡನ ಹೆಣದ ಮುಂದ ನಿನ್ನ ಮಾರಿಗೆ ಮಣ್ಣ ತೂರೀನಿ. ಅದು ನಿಂದಲ್ಲದ ಮಣ್ಣು ಆತು." ಹಾಲವ್ವ ವಹಿಯನ್ನು ಕಂಕುಳಲ್ಲಿ ಇರುಕಿಕೊಂಡಳು. "ಆಕಿ ಸುಳ್ಳು ಹೇಳಿದ್ಳು, ನೀ ಆ ಸುಳ್ಳು ಹೊತ್ಕೊಂಡು ಬಂದಿ. ಇಬ್ಬರೂ ಕೂಡಿ ನನ್ನ ಕೈಲೆ ಅಂಥಾ ಕೆಲಸ ಮಾಡಿಸಿದ್ರೆಲ್ಲ, ತಂಗೀ. ನಾ ನಿಮಗೇನ ಮಾಡಿದ್ದೆ?"

ಇಂದ್ರಾಬಾಯಿ ತನಗೆ ಮಾಡಿದ್ದನ್ನು ಮೂರು ದಿನದಿಂದ ಎದೆಯಲ್ಲಿ ಹೊತ್ತು ತಿರುಗುತ್ತಿದ್ದ ಮಲಕವ್ವನಿಗೆ ತಾನು ಈ ಹೆಂಗಸಿಗೆ ಮಾಡಿದ್ದು ಆಗ ಕಂಡಿತು. ಕಾಲಿಗೆ ಬೀಳಲು ಬಗ್ಗಿದಳು. ಹಾಲವ್ವ ಭುಜ ಹಿಡಿದು ತಡೆದಳು.

"ಬೀಳಬ್ಯಾಡ. ಇನ್ನ ಯಾರ ಕಾಲಿಗೂ ಬೀಳಬ್ಯಾಡ."

ಬಾನಿಯ ನೀರಿನಲ್ಲಿ ತನ್ನ ಸೆರಗಿನ ತುದಿ ಅದ್ದಿ ತಂದು ಮಲಕವ್ವನ ಮುಖ ಒರೆಸಿದಳು. ಮಣ್ಣು ತೊಳೆದುಹೋಗಿ ಎಷ್ಟೋ ದಿನವಾಗಿತ್ತು. ಆದರೂ ಹಣೆ, ಕಣ್ಣು, ಕೆನ್ನೆ, ಎಲ್ಲ ಒರೆಸಿದಳು. ಆಮೇಲೆ ವಹಿಯನ್ನು ಅವಳ ಕೈಗೆ ಕೊಟ್ಟು, ಹಟ್ಟಿಯ ಮುಳ್ಳಿನ ಬಾಗಿಲು ಎಳೆದುಕೊಂಡಳು.